ಆಯ್ಲರ್ ಕೈಯಲ್ಲೇ ಪರೀಕ್ಷಿಸಿದ 214 ಕೋಟಿಯ ಸಂಖ್ಯೆ

ಪ್ರಶ್ನೆ: ಮಗಳು ಪ್ರೋಗ್ರಾಮಿಂಗ್ ಕಲಿಯುತ್ತಿದ್ದಾಳೆ. ಕಂಪ್ಯೂಟರಿನಲ್ಲಿ ಒಂದು ಬಗೆಯ ಪೂರ್ಣಾಂಕ 2,14,74,83,647ಕ್ಕಿಂತ ಮೇಲೆ ಹೋಗುವುದಿಲ್ಲವಂತೆ. ಅದು ಅವಿಭಾಜ್ಯ ಸಂಖ್ಯೆಯೂ ಹೌದಂತೆ. ಇಷ್ಟು ದೊಡ್ಡದು ಯಾವುದರಿಂದಲೂ ಭಾಗವಾಗುವುದಿಲ್ಲ ಅಂತ ಹಿಂದಿನವರು ಹೇಗೆ ಕಂಡುಹಿಡಿದರು? ಅವಿಭಾಜ್ಯ ಅಂತಲೇ ಅದನ್ನು ಮಿತಿಯಾಗಿ ಇಟ್ಟರಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನನಗೆ ತುಂಬಾ ಇಷ್ಟವಾದ ಸಂಖ್ಯೆ ಇದು. ಚದುರಂಗದ ಮಣೆಯಲ್ಲಿ ಮೊದಲ ಮನೆಗೆ ಒಂದು ರಾಗಿ ಕಾಳು, ಮುಂದಿನದಕ್ಕೆ ಎರಡು, ಆಮೇಲೆ ನಾಲ್ಕು, ಹೀಗೆ ದುಪ್ಪಟ್ಟು ಮಾಡ್ತಾ 31 ಮನೆ ತುಂಬಿಸಿ. ಒಟ್ಟು ಕಾಳು ಸರಿಯಾಗಿ ಇಷ್ಟೇ. ಅಂದರೆ 2ನ್ನು 31 ಸಲ ಗುಣಿಸಿ, ಒಂದು ಕಳೆದದ್ದು.

ಇದು ಅವಿಭಾಜ್ಯ ಅಂತ ತೋರಿಸಿದವರು ಗಣಿತಜ್ಞ ಲಿಯೊನಾರ್ಡ್ ಆಯ್ಲರ್. 1772ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಆಗ ಅವರಿಗೆ ಕಣ್ಣು ಹೆಚ್ಚುಕಡಿಮೆ ಕಾಣಿಸುತ್ತಲೇ ಇರಲಿಲ್ಲ.

ಸಾಮಾನ್ಯ ದಾರಿ ನಿಮಗೂ ಗೊತ್ತು. ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಇಲ್ಲಿ ವರ್ಗಮೂಲ 46,340ರ ಆಸುಪಾಸು, ಅಲ್ಲಿಯವರೆಗೆ 4,700ಕ್ಕೂ ಜಾಸ್ತಿ ಅವಿಭಾಜ್ಯಗಳಿವೆ. ಅಷ್ಟು ಭಾಗಾಕಾರ ಯಾರು ಮಾಡ್ತಾರೆ? ಆಯ್ಲರ್ ಜರಡಿ ಹಿಡಿದರು. ಇದನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 62ರಿಂದ (31ರ ಎರಡರಷ್ಟು) ಭಾಗಿಸಿದಾಗ ಶೇಷ 1 ಬರಲೇಬೇಕು, 8ರಿಂದ ಭಾಗಿಸಿದಾಗ 1 ಅಥವಾ 7 ಬರಬೇಕು. ಎರಡನ್ನೂ ಸೇರಿಸಿದರೆ 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಆಗಿರಬೇಕು. ಅಂಥ ಸಂಖ್ಯೆಗಳು 46,340ರ ಒಳಗೆ ಸುಮಾರು 370 ಮಾತ್ರ, ಅದರಲ್ಲೂ ಅವಿಭಾಜ್ಯವಲ್ಲದವನ್ನು ಬಿಟ್ಟರೆ ಕೈಯಲ್ಲೇ ಮಾಡಿ ಮುಗಿಸುವಷ್ಟು ಲೆಕ್ಕ. ಎಲ್ಲವನ್ನೂ ನೋಡಿದರು, ಒಂದೂ ಭಾಗಿಸಲಿಲ್ಲ. ಗಣಿತಜ್ಞ ಮೂರನೇ ಯೋಹಾನ್ ಬರ್ನೂಲಿಗೆ ಪತ್ರದಲ್ಲಿ ಹೀಗೇ ತಿಳಿಸಿದರು.

ಮಗಳಿಗೆ ಚಿಕ್ಕದರಲ್ಲಿ ತೋರಿಸಬೇಕಾ? 31ರ ಬದಲು 11 ತಗೊಳ್ಳಿ. 2ರ 11ನೇ ಘಾತದಲ್ಲಿ ಒಂದು ಕಳೆದರೆ 2047, ಅದು 23 × 89. ಎರಡನ್ನೂ 22ರಿಂದ ಭಾಗಿಸಿ, ಶೇಷ 1 ಬರುತ್ತೆ. ಜರಡಿ ಕೆಲಸ ಮಾಡೋದು ಕಣ್ಣೆದುರೇ ಕಾಣುತ್ತೆ.

ಇನ್ನು ಕಂಪ್ಯೂಟರ್ ವಿಷಯ. ಅವಿಭಾಜ್ಯ ಅಂತ ಆರಿಸಿದ್ದಲ್ಲ. ಈ ಬಗೆಯ ಪೂರ್ಣಾಂಕಕ್ಕೆ 32 ಬಿಟ್‌ಗಳು, ಅಂದರೆ 0 ಅಥವಾ 1 ಹಿಡಿಯುವ ಮನೆಗಳು. ಅವುಗಳಲ್ಲಿ ಒಂದು ಧನ ಋಣ ಚಿಹ್ನೆಗೆ ಹೋಗುತ್ತೆ, ಉಳಿದ 31ರಲ್ಲೂ 1 ಅನ್ನೇ ತುಂಬಿದರೆ ಈ ಸಂಖ್ಯೆ. ಆದರೆ ಅದರ ಅವಿಭಾಜ್ಯ ಗುಣವೂ ಬಳಕೆಗೆ ಬಂದಿದೆ. 1ರಿಂದ ಶುರು ಮಾಡಿ, ಪ್ರತಿ ಸಲ 16,807ರಿಂದ ಗುಣಿಸಿ, ನಮ್ಮ ಸಂಖ್ಯೆಯಿಂದ ಭಾಗಿಸಿದ ಶೇಷವನ್ನಷ್ಟೇ ಇಟ್ಟುಕೊಂಡು ಹೋಗಿ. ಸೊನ್ನೆ ಬಿಟ್ಟು ಅದಕ್ಕಿಂತ ಚಿಕ್ಕದಾದ ಅಷ್ಟೂ ಸಂಖ್ಯೆಗಳು, ಒಂದೂ ತಪ್ಪದೆ, ಒಂದೊಂದೇ ಸಲ ಬಂದುಹೋದ ಮೇಲೆಯೇ ಮತ್ತೆ 1 ಬರುತ್ತೆ! ನೋಡೋಕೆ ಕ್ರಮವೇ ಇಲ್ಲದಂತಿರುವ ಈ ಸಾಲನ್ನು ಕಂಪ್ಯೂಟರ್ ತಜ್ಞರಾದ ಪಾರ್ಕ್ ಮತ್ತು ಮಿಲ್ಲರ್ 1988ರಲ್ಲಿ ಯಾದೃಚ್ಛಿಕ (ಮನಬಂದಂತೆ ಬರುವ) ಸಂಖ್ಯೆಗಳಿಗಾಗಿ ಶಿಫಾರಸು ಮಾಡಿದರು.

64 ಬಿಟ್ ಪೂರ್ಣಾಂಕದ ಮಿತಿಗೆ ಈ ಭಾಗ್ಯ ಇಲ್ಲ. ಅಲ್ಲಿ ಘಾತ 63, ಅದು 3ರಿಂದ ಭಾಗವಾಗುತ್ತೆ. ಹಾಗಾಗಿ ಆ ದೈತ್ಯ ಸಂಖ್ಯೆ 2ರ ಮೂರನೇ ಘಾತದಲ್ಲಿ ಒಂದು ಕಳೆದ 7ರಿಂದಲೇ ಭಾಗವಾಗಿಬಿಡುತ್ತೆ. ಯಾಕೆ ಅಂತ ಮಗಳನ್ನೇ ಕೇಳಿ ನೋಡಿ.