ನೀವ್ ಕೇಳಿದ್ರಿ: ಮುಳುಗೋ ಫ್ಯಾಕ್ಟರಿಗೆ ಸರ್ಕಾರದ ರೊಕ್ಕ ಯಾಕ್ರಿ?

ಈ ಸಲ ಬಂದ ಪ್ರಶ್ನೆ ಭಾಳಷ್ಟು ಒಂದೇ ವಿಷಯದ ಮ್ಯಾಲ, ಲುಕ್ಸಾನಿನಾಗ ಇರೋ ಕಂಪನಿಗೆ ಸರ್ಕಾರ ಕೈ ಹಿಡೀಬೇಕೋ ಬ್ಯಾಡೋ. ಕಬ್ಬಿನ ಹಂಗಾಮು ಬಂತಂದ್ರ ನಮ್ಮ ಕಡೆ ಇದು ಇದ್ದದ್ದ ಬಿಡ್ರಿ.

ಪ್ರಶ್ನೆ: ಸಕ್ಕರೆ ಕಾರ್ಖಾನಿ ನಷ್ಟದಾಗ ಐತಿ ಅಂತ ದಿಲ್ಲಿಯಿಂದ ಪ್ಯಾಕೇಜ್ ಬರ್ತೈತಿ, ಬೆಂಗಳೂರಿಂದ ಬರ್ತೈತಿ, ನಮ್ಮ ಬಿಲ್ ಮಾತ್ರ ಬರೂದಿಲ್ಲ. ಇಂಥಾ ಫ್ಯಾಕ್ಟರಿ ಮುಚ್ಚಿ ಹೋದ್ರ ಏನ್ ತಪ್ಪು? (ಕಬ್ಬು ಬೆಳೆಗಾರರು, ಹುಕ್ಕೇರಿ ತಾಲೂಕು)

ಉತ್ತರ: ನಿಮ್ಮ ಸಿಟ್ಟು ಖರೇ ಐತ್ರಿ, ಆದ್ರ ಮುಚ್ಚಲಿ ಅನ್ನೋಕಿಂತ ಮೊದಲ ಒಂದ್ ಮಾತು ತಿಳ್ಕೋರಿ. 2016ರ ದಿವಾಳಿ ಕಾಯ್ದೆ ಪ್ರಕಾರ ಕಂಪನಿ ಆಸ್ತಿ ಮಾರಿದಾಗ ಸಾಲ ಕೊಟ್ಟ ಬ್ಯಾಂಕು ಮತ್ತ ಕಾರ್ಮಿಕರ 24 ತಿಂಗಳ ಬಾಕಿ ಮುಂದಿನ ಸಾಲಿನಾಗ ನಿಲ್ತಾವು, ಮಾಲು ಕೊಟ್ಟು ರೊಕ್ಕ ಬರಬೇಕಾದವರು, ಅಂದ್ರ ನೀವು, ಹಿಂದಿನ ಸಾಲಿನಾಗ. ಅವರದೆಲ್ಲಾ ತೀರಿ ಉಳಿದ್ರ ನಿಮಗ. ಉಳಿಯೂದು ಎಷ್ಟು ಅನ್ನೂದು ನಿಮಗೂ ಗೊತ್ತೈತಿ.

ಇನ್ನ ಪ್ಯಾಕೇಜಿನ ವಿಷಯ. 2014ರಾಗ 6,600 ಕೋಟಿ ಸಾಲದ ಯೋಜನೆ ಬಂತು, ಬಡ್ಡಿ ಸರ್ಕಾರದ್ದು. 2015ರಾಗ ಮತ್ತ 6,000 ಕೋಟಿ. 2018ರ ಜೂನ್‌ನಾಗ 30 ಲಕ್ಷ ಟನ್ ಸಕ್ಕರೆ ದಾಸ್ತಾನು ಇಡಾಕ ನೆರವು ಕೊಟ್ರು, ಸಕ್ಕರೆ ಕಿಲೋಕ್ಕ 29 ರೂಪಾಯಿಗಿಂತ ಕಡಿಮಿಗೆ ಮಾರೂಹಂಗಿಲ್ಲ ಅಂತ ರೂಲ್ ಮಾಡಿದ್ರು. ಎಲ್ಲಾದಕ್ಕೂ ಹೆಸರು ಒಂದ, ರೈತರ ಬಾಕಿ ತೀರಸಾಕ ಅಂತ. ಇದರೊಳಗ 2015ರದ್ದರಾಗ ಒಂದು ಶರತ್ತು ನನಗ ಭಾಳ ಮನಸ್ಸಿಗೆ ಬಂದಿತ್ತು: ಬ್ಯಾಂಕಿನವರು ಫ್ಯಾಕ್ಟರಿ ಕಡೆಯಿಂದ ರೈತರ ಪಟ್ಟಿ, ಅಕೌಂಟ್ ನಂಬರ್ ಇಸ್ಕೊಂಡು ರೊಕ್ಕ ಸೀದಾ ರೈತರ ಖಾತೆಗೆ ಹಾಕಬೇಕು ಅಂತ. ಪ್ಯಾಕೇಜ್ ಬೇಕೋ ಬ್ಯಾಡೋ ಅಂತ ಟಿವಿ ಮುಂದ ಕುಂತು ಜಗಳಾಡೂದು ಬಿಟ್ಟು ಈ ಶರತ್ತು ಐತೋ ಇಲ್ಲೋ ಅಂತ ಕೇಳ್ರಿ, ನಾನಂತೂ ಅದಿಲ್ಲದ ಪ್ಯಾಕೇಜಿಗೆ ಹೂಂ ಅನ್ನೂದಿಲ್ಲ.

ನಷ್ಟ ಐತಿ ಅನ್ನೋ ಫ್ಯಾಕ್ಟರಿಯವರ ಮಾತೂ ಪೂರ್ತಿ ಸುಳ್ಳಲ್ರಿ. 2018-19ರಾಗ ಎಫ್ಆರ್‌ಪಿ, ಅಂದ್ರ ಕಬ್ಬಿಗೆ ಕೇಂದ್ರ ಸರ್ಕಾರ ಕಟ್ಟೋ ಕನಿಷ್ಠ ದರ, 10 ಪರ್ಸೆಂಟ್ ರಿಕವರಿಗೆ (ಕಬ್ಬಿನಿಂದ ಬರೋ ಸಕ್ಕರೆ ಪ್ರಮಾಣ) ಕ್ವಿಂಟಲಿಗೆ 275 ಇತ್ತು, 2025-26ಕ್ಕ 10.25 ರಿಕವರಿಗೆ 355 ಆತು. ಸಕ್ಕರೆಯ ಕನಿಷ್ಠ ದರ ಮಾತ್ರ 2019ರ ಫೆಬ್ರುವರಿಯಾಗ ಕಿಲೋಕ್ಕ 31 ಮಾಡಿದ್ದು, ಮುಂದ ವರ್ಷಗಟ್ಟಲೆ ಅಲ್ಲೇ ಕುಂತಿತು. ಆದ್ರ ಅದು ಕನಿಷ್ಠ ದರ ಅಷ್ಟ, ಮಾರ್ಕೆಟ್‌ನಾಗ ಅದಕ್ಕಿಂತ ಜಾಸ್ತಿಗೂ ಮಾರ್ತಾರ, ಮ್ಯಾಲ ಎಥೆನಾಲ್ ಐತಿ, ಕರೆಂಟ್ ಮಾರ್ತಾರ, ಅದರ ಲೆಕ್ಕ ಮಾತಾಡೋ ಹೊತ್ತಿಗೆ ಎಲ್ಲಾರಿಗೂ ಫೋನ್ ಬರ್ತೈತಿ.

2025ರ ನವೆಂಬರ್‌ನಾಗ ಬೆಳಗಾವಿ ಜಿಲ್ಲಾದ ಗುರ್ಲಾಪುರ ಕ್ರಾಸಿನಾಗ ರೈತರು ಟನ್ನಿಗೆ 3,500 ಕೊಡ್ರಿ ಅಂತ ಧರಣಿ ಕುಂತಾಗ ಏನಾತು ನೆನಪು ಮಾಡ್ಕೋರಿ. ಕಡೀಕ 3,300ಕ್ಕ ಬಂದು ನಿಂತಿತು, ಅದರಾಗ ಟನ್ನಿಗೆ 50 ರೂಪಾಯಿ ಸರ್ಕಾರ ತಾನ ಹಾಕ್ತೀನಿ ಅಂತು. ರೈತಗ ಸಿಕ್ಕದ್ದು ಒಳ್ಳೇದಾತು. ಆದ್ರ ಫ್ಯಾಕ್ಟರಿ ಕೊಡಬೇಕಾದ 50 ನಮ್ಮ ತೆರಿಗಿಯಿಂದ ಹೋತಲ್ಲ, ಅದಕ್ಕ ಬೇಲ್‌ಔಟ್, ಅಂದ್ರ ಕಂಪನಿ ಉಳಸಾಕ ಕೊಟ್ಟ ಸರ್ಕಾರದ ರೊಕ್ಕ, ಅಂತ ಯಾರೂ ಅನ್ನಲಿಲ್ಲ ನೋಡ್ರಿ.

ಪ್ರಶ್ನೆ: ದೊಡ್ಡ ಕಂಪನಿಗೆ ಸಾವಿರಾರು ಕೋಟಿ, ನೂಲಿನ ರೇಟ್ ಏರಿ ನಮ್ಮ ಮಗ್ಗ ನಿಂತ್ರ ಕೇಳವ್ರಿಲ್ಲ. ಇದ್ಯಾವ ನ್ಯಾಯ? (ಪವರ್‌ಲೂಮ್ ನೇಕಾರರು, ಬನಹಟ್ಟಿ)

ಉತ್ತರ: ನ್ಯಾಯ ಅಲ್ರಿ, ಅದು ಗಾತ್ರದ ಆಟ. ವೊಡಾಫೋನ್ ಐಡಿಯಾ ಮುಳುಗಿದ್ರ ಕೋಟಿಗಟ್ಟಲೆ ಮೊಬೈಲ್ ಬಂದ್ ಆಗ್ತಾವು, ಬ್ಯಾಂಕಿಗೂ ಪೆಟ್ಟು, ಅದಕ್ಕ ಸರ್ಕಾರ ತನಗ ಬರಬೇಕಾದ ಬಾಕಿ ಬದಲು ಕಂಪನಿಯ ಷೇರ್ ತಗೊಂತು, 2025ರಾಗ ಆ ಪಾಲು ಸುಮಾರು 49 ಪರ್ಸೆಂಟ್ ತನಕ ಹೋತು. ಬನಹಟ್ಟಿಯಾಗ ಒಂದ್ ಮನಿ ಎರಡ್ ಮಗ್ಗ ನಿಂತ್ರ ಸಪ್ಪಳ ಓಣಿ ದಾಟಿ ಹೋಗೂದಿಲ್ಲ. ಮತ್ತ ದೊಡ್ಡವ್ರಿಗೆಲ್ಲಾ ಸಿಗ್ತೈತಿ ಅಂತನೂ ಅಲ್ಲ, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಾಗ ನೆಲಕ್ಕ ಇಳೀತು, ಯಾರೂ ಎತ್ತಲಿಲ್ಲ. ಅದೇ ಏರ್ ಇಂಡಿಯಾ ಸರ್ಕಾರದ್ದಾಗಿದ್ದಕ್ಕ ವರ್ಷಗಟ್ಟಲೆ ರೊಕ್ಕ ಸುರಿದು 2022ರ ಜನವರಿಯಾಗ ಟಾಟಾದವರಿಗೆ ಕೊಟ್ರು. ನಿಮಗ ವರ್ಷಕ್ಕೊಮ್ಮೆ ಒಂದಿಷ್ಟು ಸಹಾಯಧನಕ್ಕಿಂತ ನೂಲು ಸರಿಯಾದ ರೇಟಿಗೆ ಸಿಗೂದು, ಸಾವಕಾರನ ಮಜೂರಿ ಬಿಟ್ಟು ಸ್ವಂತ ಮಾರಾಕ ಒಂದ್ ದಾರಿ ಇರೂದು ಮುಖ್ಯ ಅಂತ ನನ್ನ ಲೆಕ್ಕ. ಸಂಘ ಕಟ್ಕೊಂಡು ಒಂದೇ ಬಾಯಿಂದ ಕೇಳ್ರಿ, ಬಿಡಿಬಿಡಿಯಾಗಿ ಅರ್ಜಿ ಕೊಟ್ರ ಟೇಬಲ್ ಮ್ಯಾಲ ಬೀಳ್ತಾವು ಅಷ್ಟ.

ಪ್ರಶ್ನೆ: ಅಮೆರಿಕದಾಗ ಎಲ್ಲಾ ಮಾರ್ಕೆಟ್ ನೋಡ್ಕೊಳ್ತೈತಿ ಅಂತ ನಮ್ಮ ಸರ್ ಹೇಳ್ತಾರ. ಹಂಗಾದ್ರ 2008ರಾಗ ಅಲ್ಲಿ ರೊಕ್ಕ ಯಾಕ್ ಕೊಟ್ರು? (ಬಿಕಾಂ ವಿದ್ಯಾರ್ಥಿನಿ, ವಿಜಯಪುರ)

ಉತ್ತರ: ಜಗಳ ಅಲ್ಲೂ ಇದ್ದದ್ದ ತಂಗಿ. 2008ರ ಸೆಪ್ಟೆಂಬರ್‌ನಾಗ ಲೇಮನ್ ಬ್ರದರ್ಸ್ ಅನ್ನೋ ದೊಡ್ಡ ಬ್ಯಾಂಕ್ ಮುಳುಗಾಕ ಬಿಟ್ರು, ಜಗತ್ತಿನ ತುಂಬ ಬ್ಯಾಂಕ್ ಅಲ್ಲಾಡಿದ್ವು, ಆಮ್ಯಾಲ 70,000 ಕೋಟಿ ಡಾಲರ್ ತನಕ ಖರ್ಚು ಮಾಡಾಕ ಕಾಯ್ದೆ ಮಾಡಿದ್ರು. ಕಾರ್ ಮಾಡೋ ಜನರಲ್ ಮೋಟರ್ಸ್ ಕಂಪನಿಗೆ ಸುಮಾರು 5,000 ಕೋಟಿ ಡಾಲರ್ ಹೋತು. ಪುಕ್ಕಟೆ ಅಲ್ಲ ಮತ್ತ: ಮುಖ್ಯಸ್ಥನ್ನ ಮನಿಗೆ ಕಳಿಸಿದ್ರು, 2009ರ ಜೂನ್‌ನಾಗ ದಿವಾಳಿ ಕೋರ್ಟಿಗೆ ಒಯ್ದ್ರು, ಹಳೇ ಷೇರುದಾರರ ಷೇರು ಕಾಗದ ಆತು, ಸರ್ಕಾರ 60 ಪರ್ಸೆಂಟ್ ಮಾಲೀಕ ಆತು. 2013ರಾಗ ಕಡೇ ಷೇರ್ ಮಾರಿದಾಗ ತೆರಿಗಿ ಕಟ್ಟವ್ರಿಗೆ 1,000 ಕೋಟಿ ಡಾಲರ್‌ಗಿಂತ ಜಾಸ್ತಿ ಲುಕ್ಸಾನ. ಕೆಲಸ ಉಳೀತಲ್ಲ ಅಂತ ಒಬ್ರು, ಇನ್ನೊಂದ್ ಕಾರ್ ಕಂಪನಿ ಫೋರ್ಡ್ ಆ ರೊಕ್ಕ ಮುಟ್ಟದೇ ಉಳೀಲಿಲ್ಲೇನು ಅಂತ ಇನ್ನೊಬ್ರು, ಇನ್ನೂ ಮುಗಿದಿಲ್ಲ. ಅದಕ್ಕೂ ಮೊದಲ 1979ರಾಗ ಕ್ರೈಸ್ಲರ್ ಅನ್ನೋ ಕಾರ್ ಕಂಪನಿಗೆ 150 ಕೋಟಿ ಡಾಲರ್ ಸಾಲಕ್ಕ ಸರ್ಕಾರ ಜಾಮೀನು ನಿಂತಿತ್ತು, ಅದು 1983ರಾಗ ಅವಧಿಗಿಂತ ಮೊದಲ ತೀರಿತು, ಸರ್ಕಾರಕ್ಕ ಮ್ಯಾಲ ಲಾಭನೂ ಬಂತು. ನಿಮ್ಮ ಸರ್‌ಗೆ ಈ ಎರಡೂ ಹೇಳಿ ನೋಡವಾ.

ಪ್ರಶ್ನೆ: ನಮ್ಮ ಕೋಆಪರೇಟಿವ್ ಫ್ಯಾಕ್ಟರಿ ಮತ್ತ ಸರ್ಕಾರದ ಕಡೆ ಸಾಲಕ್ಕ ಹೊಂಟೈತಿ. ಒಂದೇ ಷೇರ್ ಇರೋ ನಾನು ಏನ್ ಮಾಡ್ಲಿ? (ಷೇರುದಾರರು, ಮುಧೋಳ ತಾಲೂಕು)

ಉತ್ತರ: ಜನರಲ್ ಮೀಟಿಂಗಿಗೆ ಹೋಗ್ರಿ, ಊಟಕ್ಕ ಅಷ್ಟ ಅಲ್ಲ. ಆಡಿಟ್ ರಿಪೋರ್ಟ್ ಕೇಳ್ರಿ, ಹಿಂದಿನ ಸಾಲ ಎಲ್ಲಿ ಹೋತು ಅಂತ ಕೇಳ್ರಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದಾಗ ಬಿಲ್ ಬರಬೇಕು, ತಡ ಆದ್ರ ವರ್ಷಕ್ಕ 15 ಪರ್ಸೆಂಟ್ ಬಡ್ಡಿ. ಕಾಟಾದಾಗ ಕೊಟ್ಟ ಚೀಟಿ ಒಂದೂ ಒಗೀಬ್ಯಾಡ್ರಿ, ತಾರೀಖು ಅದರ ಮ್ಯಾಲ ಇರ್ತೈತಿ, ಬಡ್ಡಿ ಲೆಕ್ಕ ಹಾಕಿ ಬರಕೊಂಡ ಹೋಗಿ ಮೈಕ್ ಹಿಡ್ಕೊಂಡ ಓದ್ರಿ.