ಎಂಜಿನ್ ಬಿಚ್ಚಿಸುವ ಮೊದಲು ಸೈಲೆನ್ಸರ್ ಹೊಗೆ ನೋಡಿ

ಪ್ರಶ್ನೆ: ನಾನು ಅರಸೀಕೆರೆ ತಾಲ್ಲೂಕಿನವನು, ತೆಂಗಿನಕಾಯಿ ವ್ಯಾಪಾರ. ಈಚೆಗೆ 2007ರ ಮಾಡೆಲ್ ಟಾಟಾ 407 ಸೆಕೆಂಡ್ ಹ್ಯಾಂಡ್ ತಗೊಂಡೆ. ನೋಡಲು ಹೋದ ದಿನ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗಿತ್ತು. ಈಗ ಬೆಳಗ್ಗೆ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಇಳಿದುಹೋಗುತ್ತದೆ. ಸ್ಟಾರ್ಟ್ ಆದ ಮೇಲೂ ಸ್ವಲ್ಪ ಹೊತ್ತು ಬಿಳಿ ಹೊಗೆ ಬರುತ್ತದೆ, ಎಂಜಿನ್ ಕುಂಟುತ್ತದೆ. ಬಿಸಿಯಾದರೆ ಸರಿಹೋಗುತ್ತದೆ. ಮಂಗಳೂರಿನಿಂದ ಲೋಡ್ ತರುವಾಗ ಶಿರಾಡಿ ಘಾಟಿ ಹತ್ತಲು ಒದ್ದಾಡುತ್ತದೆ, ಕಪ್ಪು ಹೊಗೆ ಉಗುಳುತ್ತದೆ. ಒಬ್ಬ ಮೆಕ್ಯಾನಿಕ್ ಕಂಪ್ರೆಷನ್ ಹೋಗಿದೆ, ಲೈನರ್ ಪಿಸ್ಟನ್ ಹಾಕಿಸಿ ಅಂದರು. ಇನ್ನೊಬ್ಬರು ಡೀಸೆಲ್ ಪಂಪ್ ಕೆಲಸ ಅಂದರು. ಸಾಲದ ಗಾಡಿ ಸಾರ್. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರಿಗೂ ಸ್ವಲ್ಪ ತಡೆಯಿರಿ ಅನ್ನಿ. ನಿಮ್ಮ ಪತ್ರ ಓದಿದರೆ ಎಂಜಿನ್ ಬಿಚ್ಚುವ ಕಾಲ ಬಂದ ಹಾಗೆ ನನಗೆ ಕಾಣುವುದಿಲ್ಲ. ದಾಬಸ್‌ಪೇಟೆ ಹತ್ತಿರದ ನನ್ನ ಗ್ಯಾರೇಜಿಗೆ ಇಂಥ ಗಾಡಿಗಳು ಬರುತ್ತಲೇ ಇರುತ್ತವೆ. ಹಳೆ ಗಾಡಿ ಕೊಂಡವರ ಭಯ ನನಗೆ ಗೊತ್ತು. ಆ ಭಯದಲ್ಲೇ ಜನ ಅವಸರಪಟ್ಟು ಹೆಡ್ (ಎಂಜಿನ್ನಿನ ಮೇಲ್ಭಾಗ) ಇಳಿಸಲು ಒಪ್ಪಿಬಿಡುತ್ತಾರೆ. ಒಮ್ಮೆ ಬಿಚ್ಚಿದ ಮೇಲೆ ಮೊದಲು ಏನು ಕೆಟ್ಟಿತ್ತು ಅಂತ ಹುಡುಕುವ ದಾರಿಯೇ ಮುಚ್ಚಿಹೋಗುತ್ತದೆ.

ಮೊದಲ ಮಾತು. ನೀವು ನೋಡಲು ಹೋದಾಗ ಎಂಜಿನ್ ಆಗಲೇ ಬಿಸಿ ಇದ್ದಿರಬೇಕು. ಡೀಸೆಲ್ ಎಂಜಿನ್‌ನಲ್ಲಿ ಪ್ಲಗ್ ಕಿಡಿ ಇಲ್ಲ. ಲೈನರ್ ಅನ್ನುವ ಕೊಳವೆಯೊಳಗೆ ಪಿಸ್ಟನ್ ಗಾಳಿಯನ್ನು ಒತ್ತಿ (ಇದೇ ಕಂಪ್ರೆಷನ್) 500 ಡಿಗ್ರಿ ದಾಟಿಸುತ್ತದೆ, ಆ ಕಾವಿಗೆ ಡೀಸೆಲ್ ಹೊತ್ತಿಕೊಳ್ಳುತ್ತದೆ. ತಣ್ಣಗಿದ್ದಾಗ ಈ ಕಾವು ಹುಟ್ಟುವುದು ಕಷ್ಟ. ಅದಕ್ಕೇ ಇಂಥ ದೋಷ ಬೆಳಗ್ಗೆ ಹೊರಗೆ ಬರುತ್ತದೆ, ಬಿಸಿಯಾದರೆ ಅಡಗುತ್ತದೆ. ಮುಂದೆ ಗಾಡಿ ಕೊಳ್ಳುವವರು ಇದನ್ನು ನೆನಪಿಡಿ: ಕೀ ತಿರುಗಿಸುವ ಮೊದಲು ರೇಡಿಯೇಟರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನಾಳೆ ಬೆಳಗ್ಗೆ ಬರುತ್ತೇನೆ ಎಂದು ಹೇಳಿ ಹೊರಡಿ.

ನಿಮ್ಮ ಪತ್ರದಲ್ಲಿ ಒಂದು ವಿಷಯ ಇಲ್ಲ. ಸೆಲ್ಫ್ ಹೊಡೆಯುತ್ತಿರುವಾಗ, ಇನ್ನೂ ಸ್ಟಾರ್ಟ್ ಆಗುವ ಮೊದಲು, ಸೈಲೆನ್ಸರ್‌ನಲ್ಲಿ ಹೊಗೆ ಬರುತ್ತದೆಯೋ ಇಲ್ಲವೋ? ನಾಳೆ ಬೆಳಗ್ಗೆ ಒಬ್ಬರನ್ನು ಹಿಂದೆ ನಿಲ್ಲಿಸಿ ನೋಡಿ. ನನಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ, ಖರ್ಚೂ ಇಲ್ಲ.

ಹೊಗೆ ಏನೂ ಬರದಿದ್ದರೆ ಸಿಲಿಂಡರ್‌ಗೆ ಡೀಸೆಲ್ ತಲುಪುತ್ತಿಲ್ಲ. ರಾತ್ರಿ ನಿಂತ ಗಾಡಿಯ ಲೈನ್‌ನಲ್ಲಿ ಎಲ್ಲೋ ಗಾಳಿ ಎಳೆದು ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿರುತ್ತದೆ. ಮರುದಿನ ಸೆಲ್ಫ್ ಹೊಡೆಯುವ ಮೊದಲೇ ಪಂಪ್ ಪಕ್ಕದ ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತಿ ಡೀಸೆಲ್ ಎಳೆಯುವ ಗುಂಡಿ) ಬಿಗಿಯಾಗುವವರೆಗೆ ಒತ್ತಿ. ಆಗ ತಟ್ಟನೆ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದ. ಹಳೆ ರಬ್ಬರ್ ಪೈಪ್, ಸವೆದ ಕಾಪರ್ ವಾಷರ್, ಫಿಲ್ಟರ್ ರಿಂಗ್ ಬದಲಿಸಿದರೆ ಕೆಲಸ ಮುಗಿಯಿತು. ಗಾಳಿ ಎಲ್ಲಿಂದ ಅಂತ ಗೊತ್ತಾಗದಿದ್ದರೆ ಪಂಪಿಗೆ ಹೋಗುವ ಕಡೆ ಒಂದು ತುಂಡು ಪಾರದರ್ಶಕ ಪೈಪ್ ಹಾಕಿ, ಗುಳ್ಳೆ ಕಣ್ಣಿಗೇ ಕಾಣುತ್ತದೆ. ಅದೂ ಸಾಲದಿದ್ದರೆ ಶುಚಿಯಾದ ಕ್ಯಾನಿನಲ್ಲಿ ಡೀಸೆಲ್ ತುಂಬಿ, ಎತ್ತರಕ್ಕೆ ಕಟ್ಟಿ, ನೇರ ಪಂಪಿಗೆ ಕೊಟ್ಟು ಓಡಿಸಿ ನೋಡಿ. ಅದರಲ್ಲಿ ಚೆನ್ನಾಗಿ ಓಡಿದರೆ ದೋಷ ಟ್ಯಾಂಕ್ ಕಡೆಯದು.

ಸೆಲ್ಫ್ ಹೊಡೆಯುವಾಗಲೇ ಬಿಳಿ ಹೊಗೆ ಬಂದು, ಕಣ್ಣು ಉರಿಸಿದರೆ ಡೀಸೆಲ್ ತಲುಪುತ್ತಿದೆ, ಸುಡುತ್ತಿಲ್ಲ. ನಿಮ್ಮ ಗಾಡಿ ಈ ಕಡೆಯದು ಅಂತ ನನ್ನ ಅಂದಾಜು. ಇಲ್ಲಿ ಮೊದಲು ಸೆಲ್ಫ್ ಎಷ್ಟು ಜೋರಾಗಿ ತಿರುಗುತ್ತದೆ ನೋಡಿ. ನಿಧಾನ ತಿರುಗಿದರೆ ಕಾವೇ ಹುಟ್ಟುವುದಿಲ್ಲ. ಬ್ಯಾಟರಿ ಟರ್ಮಿನಲ್, ಚಾಸಿಗೆ ಹೋಗುವ ಅರ್ತ್ ಕೇಬಲ್ ಬಿಚ್ಚಿ ಉಜ್ಜಿ ಹಾಕಿಸಿ. ಈ ಒಂದು ಕೇಬಲ್ಲಿಗಾಗಿ ಹೊಸ ಬ್ಯಾಟರಿ ಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಆಮೇಲೆ ಕುಂಟುವ ಸಿಲಿಂಡರ್ ಹುಡುಕುವುದು. ಬೆಳಗ್ಗೆ ಎಂಜಿನ್ ಕುಂಟುತ್ತಿರುವಾಗಲೇ ಮೆಕ್ಯಾನಿಕ್ ಒಂದೊಂದೇ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಪೈಪಿನ ನಟ್ ಸ್ವಲ್ಪ ಸಡಿಲಿಸಿ ಮತ್ತೆ ಬಿಗಿ ಮಾಡಬೇಕು. ಕನ್ನಡಕ ಹಾಕಿಕೊಂಡು, ನಟ್ ಮೇಲೆ ಬಟ್ಟೆ ಮುಚ್ಚಿಕೊಂಡು ಮಾಡಲಿ. ಸಡಿಲಿಸಿದಾಗ ಎಂಜಿನ್ ಇನ್ನೂ ಹೆಚ್ಚು ಕುಂಟಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ ಅಂತ. ಏನೂ ವ್ಯತ್ಯಾಸ ಆಗದಿದ್ದರೆ ಅದೇ ಕಾಯಿಲೆಯದು. ಈಗ ಆ ಇಂಜೆಕ್ಟರ್ ತೆಗೆದು ಪಕ್ಕದ ಸಿಲಿಂಡರಿನದಕ್ಕೆ ಅದಲು ಬದಲು ಮಾಡಿಸಿ, ಹೊಸ ವಾಷರ್ ಹಾಕಿ. ಮರುದಿನ ಬೆಳಗ್ಗೆ ಮತ್ತೆ ಅದೇ ಪರೀಕ್ಷೆ. ಕುಂಟುವುದು ಇಂಜೆಕ್ಟರ್ ಜೊತೆಗೇ ಹೋಗಿದ್ದರೆ ಅದರ ತುದಿಯ ನಾಝಲ್ ತೊಟ್ಟಿಕ್ಕುತ್ತಿದೆ. ಅಲ್ಲೇ ಉಳಿದಿದ್ದರೆ ವಾಲ್ವ್ ಅಥವಾ ಕಂಪ್ರೆಷನ್. ಲೈನರ್ ಪಿಸ್ಟನ್ ಮಾತು ಆಗ ಎತ್ತಬೇಕೇ ಹೊರತು ಈಗಲ್ಲ. ಆಗಲೂ ಮೊದಲು ಟ್ಯಾಪೆಟ್, ಅಂದರೆ ವಾಲ್ವ್ ಒತ್ತುವ ಭಾಗದ ಸಂದು, ಹೊಂದಿಸಬೇಕು. ಟ್ಯಾಪೆಟ್ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ.

ಶಿರಾಡಿಯ ಕಪ್ಪು ಹೊಗೆ ಬಗ್ಗೆ. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಆದ್ದರಿಂದ ಡೀಸೆಲ್ ಫಿಲ್ಟರ್ ಕಟ್ಟಿರಬಹುದು ಅನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಅದು ಕಟ್ಟಿದ್ದರೆ ಹೊಗೆ ಇಲ್ಲದೆಯೇ ಗಾಡಿ ಸೊರಗುತ್ತದೆ. ಏರ್ ಕ್ಲೀನರ್ ತೆಗೆದು ನೋಡಿ. ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಭಾಗ) ಇದ್ದರೆ ಅದರ ಹೋಸ್ ಕ್ಲಿಪ್ ಸಡಿಲವಾಗಿ ಗಾಳಿ ಸೋರುತ್ತಿದೆಯೋ ನೋಡಿ. ತೊಟ್ಟಿಕ್ಕುವ ನಾಝಲ್ ಬೆಳಗ್ಗೆ ಬಿಳಿ ಹೊಗೆ, ಏರಿನಲ್ಲಿ ಕಪ್ಪು ಹೊಗೆ ಎರಡನ್ನೂ ಕೊಡಬಲ್ಲದು. ನಿಮ್ಮ ಎರಡು ತೊಂದರೆಗೂ ಒಂದೇ ಬೇರು ಇರಬಹುದು ಎಂದು ನನಗೆ ಅನ್ನಿಸುವುದು ಇದಕ್ಕೇ. ನಾಲ್ಕೂ ಇಂಜೆಕ್ಟರ್ ಬಿಚ್ಚಿ ಪಂಪ್ ರೂಮಿಗೆ (ಡೀಸೆಲ್ ಪಂಪ್, ಇಂಜೆಕ್ಟರ್ ರಿಪೇರಿ ಅಂಗಡಿ) ಕೊಟ್ಟು ಪ್ರೆಷರ್, ಸ್ಪ್ರೇ ಪರೀಕ್ಷೆ ಮಾಡಿಸಿ. ಪರೀಕ್ಷೆ ಮಾಡುವಾಗ ಎದುರಿಗೆ ನಿಂತು ನೋಡಿ, ಕೇಳಲು ಸಂಕೋಚ ಬೇಡ. ಮಂಜಿನ ಹಾಗೆ ಹರಡಬೇಕು, ತುದಿಯಲ್ಲಿ ಹನಿ ನಿಲ್ಲಬಾರದು.

ಪಂಪಿಗೆ ಮಾತ್ರ ಕೊನೆಗೆ ಕೈ ಹಾಕಿಸಿ. ಮೈಕೋ ಕಂಪನಿ 2008ರಲ್ಲಿ ಬಾಷ್ ಆಯಿತು, ನಾವಿನ್ನೂ ಮೈಕೋ ಪಂಪ್ ಅಂತಲೇ ಕರೆಯುತ್ತೇವೆ. ಬಹಳ ಗಟ್ಟಿ ವಸ್ತು. ಅದರ ಸೀಲ್ ಮುರಿದಿದೆಯೋ ನೋಡಿ. ಮುರಿದಿದ್ದರೆ ಹಿಂದಿನವರು ಹೆಚ್ಚು ಎಳೆಯಲಿ ಅಂತ ಡೀಸೆಲ್ ಏರಿಸಿರಬಹುದು. ಆಗ ಟೆಸ್ಟ್ ಬೆಂಚ್ ಮೇಲೆ ಇಟ್ಟು ಸರಿ ಮಾಡಬೇಕು. ರಸ್ತೆಬದಿಯಲ್ಲಿ ಸ್ಕ್ರೂ ತಿರುಗಿಸಲು ಯಾರಿಗೂ ಬಿಡಬೇಡಿ.

ಲೈನರ್, ಪಿಸ್ಟನ್, ರಿಂಗ್ ಹೋಗಿದ್ದರೆ ಅದರ ಗುರುತು ಬೇರೆ. ಬಿಸಿ ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದು ಬಾಯಿಯ ಮೇಲೆ ಸುಮ್ನೆ ಇಡಿ. ಅದು ಕುಣಿದು ಬಿದ್ದು, ಬ್ರೀದರ್ ಪೈಪಿನಲ್ಲಿ ಬುಸುಬುಸು ಹೊಗೆ ಬಂದರೆ ಬ್ಯಾಕ್ ಕಂಪ್ರೆಷನ್ ಇದೆ, ಅಂದರೆ ಪಿಸ್ಟನ್ ಪಕ್ಕದಿಂದ ಒತ್ತಡ ಕೆಳಗೆ ಸೋರುತ್ತಿದೆ. ಜೊತೆಗೆ ನೀಲಿ ಹೊಗೆ, ಆಯಿಲ್ ಕಡಿಮೆಯಾಗುವುದು ಇರುತ್ತದೆ. ನೀವು ಆಯಿಲ್ ಮಾತೇ ಎತ್ತಿಲ್ಲ. ಆದರೂ ಡಿಪ್‌ಸ್ಟಿಕ್ ಮಟ್ಟ ಬರೆದಿಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆದು, ಸ್ಟಾರ್ಟ್ ಮಾಡಿ ನೋಡಿ. ಒಂದೇ ಸಮನೆ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಇಷ್ಟೆಲ್ಲ ಆದ ಮೇಲೂ ಯಾರಾದರೂ ಎಂಜಿನ್ ಬಿಚ್ಚಬೇಕು ಅಂದರೆ ಕಂಪ್ರೆಷನ್ ಗೇಜ್ ಹಾಕಿ ನಾಲ್ಕು ಸಿಲಿಂಡರಿನ ಅಂಕಿಯನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಅಂಕಿ ಕೊಡದವರಿಗೆ ಗಾಡಿ ಬಿಡಬೇಡಿ.

ಪ್ರಶ್ನೆ: ರಾಣೆಬೆನ್ನೂರು ಕಡೆಯವನು. 2018ರ ಹಳೆ ಪಿಕಪ್ ಕೊಂಡಿದ್ದೇನೆ, ಕಾಮನ್ ರೇಲ್ ಎಂಜಿನ್. ಎಂಜಿನ್ ಲೈಟ್ ಹತ್ತಿ ಪವರ್ ಬಿದ್ದುಹೋಗುತ್ತದೆ. ಇಂಜೆಕ್ಟರ್ ಪೈಪ್ ಲೂಸ್ ಮಾಡಿ ನೋಡೋಣ ಅಂತ ಗೆಳೆಯ ಹೇಳುತ್ತಾನೆ. ಮಾಡಬಹುದೇ?

ಉತ್ತರ: ಬೇಡ, ದಯವಿಟ್ಟು ಬೇಡ. ಮೇಲೆ ಹೇಳಿದ ಪರೀಕ್ಷೆ ಹಳೆ ಪಂಪಿನ ಗಾಡಿಗೆ ಮಾತ್ರ. ಕಾಮನ್ ರೇಲ್ ಅಂದರೆ ಎಲ್ಲಾ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಡೀಸೆಲ್, ಅದರಲ್ಲಿ ಒತ್ತಡ 1000 ಬಾರ್ ದಾಟಬಲ್ಲದು. ಆ ಡೀಸೆಲ್ ಗ್ಲೌಸ್ ತೂರಿ ಚರ್ಮದೊಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಕೊಳೆತು ಬೆರಳನ್ನೇ ತೆಗೆಯಬೇಕಾಗಬಹುದು. ಯಾರಿಗಾದರೂ ಹಾಗೆ ಆದರೆ ನೋವಿಲ್ಲ ಅಂತ ಕಾಯದೆ, ಡೀಸೆಲ್ ಒಳಗೆ ಹೋಗಿದೆ ಎಂದು ಹೇಳಿ ತಕ್ಷಣ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ನಿಮ್ಮ ಗಾಡಿಗೆ ಸ್ಕ್ಯಾನರ್ ಹಾಕಿಸಿ ದೋಷದ ಕೋಡ್ ಬರೆಸಿಕೊಳ್ಳಿ. ಅಳಿಸಿ ಕಳಿಸುವವರ ಹತ್ತಿರ ಹೋಗಬೇಡಿ. ಅದಕ್ಕೂ ಮೊದಲು ಡೀಸೆಲ್ ಫಿಲ್ಟರ್ ಕೆಳಗಿನ ನೀರು ಇಳಿಸಿ, ಫಿಲ್ಟರ್ ಹೊಸದು ಹಾಕಿಸಿ. ಕೋಡ್ ಏನು ಬಂತು ಅಂತ ಬರೆಯಿರಿ, ಮುಂದಿನದು ಹೇಳುತ್ತೇನೆ.