ಮಸುಕು ಗ್ಯಾಲಕ್ಸಿಯ ಪಕ್ಕ ಕಂಡ ಗೆರೆ ನಿಜವಾ, ಪ್ರೊಸೆಸಿಂಗ್‌ನಲ್ಲಿ ಹುಟ್ಟಿದ್ದಾ?

ನೀವು ಎನ್‌ಜಿಸಿ 5907 ಗ್ಯಾಲಕ್ಸಿಯನ್ನು ಎರಡು ರಾತ್ರಿ ಸೇರಿ 6 ಗಂಟೆ ಶೂಟ್ ಮಾಡಿದ್ದೀರಿ. ಸ್ಟ್ರೆಚ್ ಮಾಡುತ್ತಾ, ಅಂದರೆ ಮಸುಕು ಭಾಗದ ಹೊಳಪನ್ನು ಎತ್ತುತ್ತಾ ಹೋದಾಗ ಪಕ್ಕದಲ್ಲಿ ಬಿಲ್ಲಿನಂತೆ ಬಾಗಿದ ಮಸುಕು ಗೆರೆಯೊಂದು ಕಂಡಿದೆ. ಅದು ನಿಜವಾ ಅನ್ನೋದು ನಿಮ್ಮ ಮೊದಲ ಪ್ರಶ್ನೆ. ಎಐ ಶಾರ್ಪನಿಂಗ್ ಹಾಕಿದ ಚಿತ್ರ ನೋಡಿ ಗೆಳೆಯರೊಬ್ಬರು ‘ಇದು ಫೋಟೋ ಅಲ್ಲ, ಪೇಂಟಿಂಗ್’ ಅಂದರಂತೆ. ಅವರ ಮಾತು ಸರಿಯಾ ಅನ್ನೋದು ಎರಡನೆಯದು.

ಗೆರೆ ನಿಜ ಇರಬಹುದು. ಆ ಗ್ಯಾಲಕ್ಸಿಯ ಸುತ್ತ ಅಂಥದ್ದೊಂದು ಇರುವುದು ಗೊತ್ತಿರುವ ವಿಷಯವೇ. ಆದರೆ ಆಕಾಶದಲ್ಲಿ ಅದು ಇದೆ ಅನ್ನೋದು ಒಂದು ಮಾತು, ನಿಮ್ಮ ಡೇಟಾದಲ್ಲಿ ಅದು ಸಿಕ್ಕಿದೆ ಅನ್ನೋದು ಇನ್ನೊಂದು ಮಾತು. ನೀವು ಪರೀಕ್ಷೆ ಮಾಡಬೇಕಾದ್ದು ಎರಡನೆಯದನ್ನು.

ನೀವು ಆರಿಸಿದ ಗ್ಯಾಲಕ್ಸಿಯ ಕಥೆಯೇ ಇದನ್ನು ಚೆನ್ನಾಗಿ ತೋರಿಸುತ್ತದೆ. ಅದು ನಮ್ಮಿಂದ ಸುಮಾರು 5 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಅಂಚು ನಮ್ಮ ಕಡೆ ಇರುವುದರಿಂದ ಸೂಜಿಯ ಹಾಗೆ ಕಾಣುತ್ತದೆ. ಅದರ ಪಕ್ಕ ಮಸುಕಾದ ಬಳೆಯ ತುಂಡಿನಂಥದ್ದು ಇದೆ ಅಂತ 1998ರಲ್ಲಿ ವರದಿಯಾಯಿತು. 2008ರಲ್ಲಿ ಖಗೋಳವಿಜ್ಞಾನಿ ಡೇವಿಡ್ ಮಾರ್ಟಿನೆಜ್-ಡೆಲ್ಗಾಡೊ ಅವರ ತಂಡ ಇನ್ನೂ ಆಳವಾದ ಚಿತ್ರ ಪ್ರಕಟಿಸಿತು. ಅದನ್ನು ತೆಗೆದವರು ಹವ್ಯಾಸಿ ಛಾಯಾಗ್ರಾಹಕ ಜೇ ಗಬಾನಿ, ಅರ್ಧ ಮೀಟರ್ ಅಗಲದ ಟೆಲಿಸ್ಕೋಪಿನಿಂದ. ಅದರಲ್ಲಿ ನಕ್ಷತ್ರಗಳ ಹೊಳೆ ಗ್ಯಾಲಕ್ಸಿಯನ್ನು ಎರಡು ಸುತ್ತು ಸುತ್ತಿದಂತೆ ಕಾಣುತ್ತಿತ್ತು. ಚಿಕ್ಕ ಗ್ಯಾಲಕ್ಸಿಯೊಂದು ದೊಡ್ಡದರ ಸೆಳೆತಕ್ಕೆ ಸಿಕ್ಕಿ ಚಿಂದಿಯಾದ ಗುರುತು ಅದು. ಕಂಪ್ಯೂಟರ್ ಮಾದರಿಯೂ ಅದಕ್ಕೆ ಹೊಂದಿಕೊಂಡಿತು. ಆ ಚಿತ್ರ ನೋಡಿಯೇ ಎಷ್ಟೋ ಜನ ಈ ಹವ್ಯಾಸಕ್ಕೆ ಬಂದರು. ನಾನೂ ಅವರಲ್ಲಿ ಒಬ್ಬ.

2019ರಲ್ಲಿ ಡ್ರ್ಯಾಗನ್‌ಫ್ಲೈ ತಂಡ ಅದೇ ಜಾಗವನ್ನು ಮತ್ತೆ ನೋಡಿತು. ಡ್ರ್ಯಾಗನ್‌ಫ್ಲೈ ಅಂದರೆ ಹಲವು 400 ಮಿಲಿಮೀಟರ್ ಕ್ಯಾಮೆರಾ ಲೆನ್ಸ್‌ಗಳನ್ನು ಒಟ್ಟಿಗೆ ಕಟ್ಟಿದ ಟೆಲಿಸ್ಕೋಪ್. ತುಂಬಾ ಮಸುಕಾದ ಬೆಳಕು ಹಿಡಿಯುವುದಕ್ಕೇ ಮಾಡಿದ್ದು. ಅದರ ಚಿತ್ರದಲ್ಲಿ ಬಾಗಿದ ಪಟ್ಟಿ ಒಂದೇ ಇತ್ತು. ಎರಡನೇ ಸುತ್ತು ಇರಲೇ ಇಲ್ಲ.

2008ರಲ್ಲಿ ಯಾರೂ ಬೇಕಂತ ಮೋಸ ಮಾಡಲಿಲ್ಲ. ಅವರು ಕಂಡ ಮೊದಲ ಪಟ್ಟಿ ನಿಜವೇ. ಆದರೂ ನುರಿತ ಕೈಗಳಿಗೇ ಹೀಗಾಗುತ್ತದೆ ಅಂದರೆ, 6 ಗಂಟೆ ಡೇಟಾ ಇಟ್ಟುಕೊಂಡ ನಾವು ಎಷ್ಟು ಹುಷಾರಾಗಿರಬೇಕು ಅಲ್ವಾ? ಹಳೆಯ ಪ್ರಸಿದ್ಧ ಚಿತ್ರ ನಮ್ಮ ಕಣ್ಣಲ್ಲಿ ಕೂತಿರುತ್ತದೆ. ಸ್ಲೈಡರ್ ಎಳೆಯುವಾಗ ಕೈ ಅದರ ಕಡೆಗೇ ಹೋಗುತ್ತದೆ. ನಿಮ್ಮ ಚಿತ್ರದಲ್ಲಿ ಒಂದೇ ಬಿಲ್ಲು ಇದ್ದರೆ ಸಮಾಧಾನ. ಎರಡು ಸುತ್ತು ಕಂಡರೆ ಅನುಮಾನ ಪಡಿ.

ಆ ಗೆರೆ ಎಷ್ಟು ಮಸುಕು ಅಂತ ಒಮ್ಮೆ ಲೆಕ್ಕ ಹಾಕಿ. ಒಳ್ಳೆ ಕತ್ತಲೆ ಇರುವ ಜಾಗದಲ್ಲೂ ಆಕಾಶ ಪೂರ್ತಿ ಕಪ್ಪಲ್ಲ. ಅದರ ಹೊಳಪು ಒಂದು ಚದರ ಆರ್ಕ್‌ಸೆಕೆಂಡಿಗೆ (ಆಕಾಶದ ಒಂದು ಪುಟ್ಟ ಚೌಕಕ್ಕೆ) ಸುಮಾರು 22 ಮ್ಯಾಗ್ನಿಟ್ಯೂಡ್. ಈ ಅಳತೆಯಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಮಸುಕು. ಇಂಥ ಹೊಳೆಗಳ ಹೊಳಪು 27ರ ಆಸುಪಾಸು. ವ್ಯತ್ಯಾಸ 5 ಮ್ಯಾಗ್ನಿಟ್ಯೂಡ್, ಅಂದರೆ ಸರಿಯಾಗಿ 100 ಪಟ್ಟು. ನಿಮ್ಮ ಸೆನ್ಸರ್‌ಗೆ ಆಕಾಶದಿಂದ 100 ಫೋಟಾನ್ ಬಂದರೆ ಆ ಹೊಳೆಯಿಂದ ಬರುವುದು 1. ದೀಪಗಳ ಬೆಳಕು ಇರುವ ಕಡೆ ಆಕಾಶವೇ 19ಕ್ಕೆ ಇಳಿದಿರುತ್ತದೆ. ಅಲ್ಲಿ ಹೊಳೆಯ ಪಾಲು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ.

ಈಗ ಫ್ಲ್ಯಾಟ್ ಫ್ರೇಮ್‌ಗಳ ಬಗ್ಗೆ ಯೋಚಿಸಿ. ಲೆನ್ಸಿನ ಮೂಲೆ ಕತ್ತಲು, ಸೆನ್ಸರ್ ಮೇಲಿನ ಧೂಳಿನ ಉಂಗುರ ಇವನ್ನೆಲ್ಲ ಸರಿ ಮಾಡುವುದು ಫ್ಲ್ಯಾಟ್, ಅಂದರೆ ಸಮವಾಗಿ ಬೆಳಗಿದ ಮೇಲ್ಮೈಯ ಫೋಟೋ. ಅದರಲ್ಲಿ ಎಲ್ಲೋ ಒಂದು ಕಡೆ ಶೇಕಡಾ 1ರಷ್ಟು ತಪ್ಪಿದೆ ಅಂದುಕೊಳ್ಳಿ. ಆಕಾಶದ ಶೇಕಡಾ 1 ಅಂದರೆ ಹೊಳೆಯ ಪೂರ್ತಿ ಹೊಳಪು! ಅಷ್ಟು ಚಿಕ್ಕ ತಪ್ಪೇ ಒಂದು ‘ಹೊಳೆ’ಯನ್ನು ಸೃಷ್ಟಿ ಮಾಡಬಲ್ಲದು. ಹಾಗಾಗಿ ಮಸುಕು ಗ್ಯಾಲಕ್ಸಿಯ ಕೆಲಸದಲ್ಲಿ ನಾನು ಅತಿ ಹೆಚ್ಚು ಸಮಯ ಕೊಡುವುದು ಫ್ಲ್ಯಾಟ್‌ಗೆ. ಕ್ಯಾಮೆರಾ ತಿರುಗಿಸಿದರೆ, ಫೋಕಸ್ ಜಾಸ್ತಿ ಬದಲಾದರೆ ಹೊಸ ಫ್ಲ್ಯಾಟ್ ತೆಗೆಯುತ್ತೇನೆ.

ಇನ್ನು ಪರೀಕ್ಷೆ. ಮೊದಲು ನಿಮ್ಮ ಫ್ರೇಮ್‌ಗಳನ್ನು ಎರಡು ಪಾಲು ಮಾಡಿ, ಬೇರೆ ಬೇರೆಯಾಗಿ ಸ್ಟ್ಯಾಕ್ ಮಾಡಿ, ಅಂದರೆ ಒಂದರ ಮೇಲೊಂದು ಸೇರಿಸಿ ಒಂದೇ ಚಿತ್ರ ಮಾಡಿ. ಸಿರಿಲ್ ತರಹದ ಉಚಿತ ಸಾಫ್ಟ್‌ವೇರ್‌ನಲ್ಲೇ ಆಗುತ್ತದೆ. ಶಾರ್ಪನಿಂಗ್ ಬೇಡ, ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು ಏರುಪೇರು) ತೆಗೆಯುವುದೂ ಬೇಡ. ಎರಡಕ್ಕೂ ಒಂದೇ ಸ್ಟ್ರೆಚ್ ಕೊಡಿ, ಬಣ್ಣ ತಿರುಗಿಸಿ ಬಿಳಿ ಹಿನ್ನೆಲೆಯಲ್ಲಿ ಕಪ್ಪಾಗಿ ನೋಡಿ. ಮಸುಕು ವಸ್ತು ಹಾಗೆ ನೋಡಿದಾಗ ಕಣ್ಣಿಗೆ ಬೇಗ ಸಿಗುತ್ತದೆ. ಗೆರೆ ಎರಡರಲ್ಲೂ ಅದೇ ಜಾಗದಲ್ಲಿ ಇದೆಯಾ? ಇದ್ದರೆ ಅದು ಬರೀ ನಾಯ್ಸ್ ಅಲ್ಲ.

ಆದರೆ ಇದಿಷ್ಟೇ ಸಾಲದು. ಫ್ಲ್ಯಾಟ್ ತಪ್ಪಿದ್ದರೆ ಆ ತಪ್ಪು ಎರಡು ಪಾಲಿನಲ್ಲೂ ಇರುತ್ತದೆ. ಟೆಲಿಸ್ಕೋಪ್ ಹೊತ್ತು ತಿರುಗಿಸುವ ನಿಮ್ಮ ಮೌಂಟ್ ಜರ್ಮನ್ ಮಾದರಿಯದ್ದಾಗಿದ್ದರೆ ಮೆರಿಡಿಯನ್ ಫ್ಲಿಪ್‌ಗೆ ಮುಂಚಿನದು, ನಂತರದ್ದು ಅಂತ ಪಾಲು ಮಾಡಿ. ಗ್ಯಾಲಕ್ಸಿ ಆಕಾಶದ ಉತ್ತರ-ದಕ್ಷಿಣ ಗೆರೆ ದಾಟುವಾಗ ಮೌಂಟ್ ಟೆಲಿಸ್ಕೋಪನ್ನು ಇನ್ನೊಂದು ಬದಿಗೆ ಹೊರಳಿಸುವುದೇ ಈ ಫ್ಲಿಪ್. ಫ್ಲಿಪ್ ಆದಮೇಲೆ ಕ್ಯಾಮೆರಾ ಆಕಾಶದ ಲೆಕ್ಕದಲ್ಲಿ ತಲೆಕೆಳಗಾಗಿರುತ್ತದೆ. ಸೆನ್ಸರ್‌ನ ಕೊಳೆ, ಫ್ಲ್ಯಾಟ್ ತಪ್ಪು ಇವೆಲ್ಲ ಅದರ ಜೊತೆ ತಿರುಗಿ ಇನ್ನೊಂದು ಕಡೆ ಹೋಗುತ್ತವೆ. ಗ್ಯಾಲಕ್ಸಿಯ ಹೊಳೆ ಮಾತ್ರ ಇದ್ದಲ್ಲೇ ಇರುತ್ತದೆ. ದುಡ್ಡು ಖರ್ಚಿಲ್ಲದೆ ಸಿಗುವ ಪರೀಕ್ಷೆ ಇದು, ತುಂಬಾ ಜನ ಬಳಸುವುದಿಲ್ಲ.

ಪ್ರಕಾಶದ ನಕ್ಷತ್ರ ಹತ್ತಿರ ಇದ್ದರೆ ಇನ್ನೊಂದು ತೊಂದರೆ. ಅದರ ಬೆಳಕು ಫಿಲ್ಟರ್ ಗಾಜು, ಸೆನ್ಸರ್ ಮುಂದಿನ ಗಾಜು ಇವುಗಳ ನಡುವೆ ಪುಟಿದು ಭೂತದಂಥ ವೃತ್ತ ಮೂಡಿಸುತ್ತದೆ. ಇದು ಫ್ಲಿಪ್ ಪರೀಕ್ಷೆಯಲ್ಲೂ ತಪ್ಪಿಸಿಕೊಳ್ಳಬಹುದು. ಇದಕ್ಕೆ ಫ್ರೇಮನ್ನು ಸ್ವಲ್ಪ ಸರಿಸಿ ಮತ್ತೆ ಶೂಟ್ ಮಾಡಬೇಕು. ಪ್ರತಿಫಲನ ನಕ್ಷತ್ರಗಳ ನಡುವೆ ಜಾಗ ಬದಲಿಸುತ್ತದೆ. ನಿಜವಾದದ್ದು ಬದಲಿಸುವುದಿಲ್ಲ. ಉಲ್ಟಾ ಕೂಡ ಆಗುತ್ತದೆ ಅನ್ನೋದನ್ನು ಮರೆಯಬೇಡಿ. ಆಂಡ್ರೊಮಿಡಾ ರಾಶಿಯ ಮಿರಾಕ್ ನಕ್ಷತ್ರದ ಪಕ್ಕದಲ್ಲೇ ಎನ್‌ಜಿಸಿ 404 ಅನ್ನೋ ಪುಟ್ಟ ಗ್ಯಾಲಕ್ಸಿ ಇದೆ. ನೋಡಿದರೆ ಪಕ್ಕಾ ಲೆನ್ಸಿನ ಪ್ರತಿಫಲನ. ಅದಕ್ಕೇ ‘ಮಿರಾಕ್‌ನ ಭೂತ’ ಅಂತ ಹೆಸರು ಬಿದ್ದಿದೆ. ಸುಮ್ನೆ ಅನುಮಾನದ ಮೇಲೆ ಅಳಿಸಿಬಿಟ್ಟರೆ ಒಂದಿಡೀ ಗ್ಯಾಲಕ್ಸಿಯೇ ಹೋಯಿತು.

ಅಳಿಸುವ ಮಾತು ಬಂದಿದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಪ್ರಾಮಾಣಿಕತೆ ಅಂದಾಗ ಎಲ್ಲರೂ ‘ಇಲ್ಲದ್ದನ್ನು ಸೇರಿಸಬಾರದು’ ಅಂತ ಮಾತ್ರ ಯೋಚಿಸುತ್ತಾರೆ. ಇದ್ದದ್ದನ್ನು ಅಳಿಸುವುದರ ಬಗ್ಗೆ ಯಾರೂ ಮಾತಾಡುವುದಿಲ್ಲ. ನನ್ನ ಪ್ರಕಾರ ಹವ್ಯಾಸಿಗಳ ಚಿತ್ರಗಳಲ್ಲಿ ಜಾಸ್ತಿ ಆಗುವ ಸುಳ್ಳು ಇದೇ.

ಇದು ನನಗೇ ಆಗಿದೆ. ವರ್ಲ್‌ಪೂಲ್ ಅನ್ನೋ ಎಂ51 ಗ್ಯಾಲಕ್ಸಿಯನ್ನು 9 ಗಂಟೆ ಶೂಟ್ ಮಾಡಿದ್ದೆ. ಹಿನ್ನೆಲೆಯಲ್ಲಿ ಬೆಳಕಿನ ಗ್ರೇಡಿಯಂಟ್ ಇತ್ತು, ಅಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊಳಪು ನಿಧಾನಕ್ಕೆ ಬದಲಾಗುತ್ತಿತ್ತು. ಅದನ್ನು ತೆಗೆಯುವ ಟೂಲ್‌ನಲ್ಲಿ ‘ಇಲ್ಲಿ ಬರೀ ಆಕಾಶ ಇದೆ’ ಅಂತ ಬಿಂದುಗಳನ್ನು ಇಡಬೇಕು. ನಾನು ಗ್ಯಾಲಕ್ಸಿಗೆ ತುಂಬಾ ಹತ್ತಿರ ಇಟ್ಟೆ. ಎಂ51 ಮತ್ತು ಅದರ ಸಂಗಾತಿ ಎನ್‌ಜಿಸಿ 5195 ಒಂದನ್ನೊಂದು ಎಳೆದಾಡಿ ಚೆಲ್ಲಿದ ನಕ್ಷತ್ರಗಳ ಮಂಜು ಸುತ್ತಲೂ ಹರಡಿದೆ. ಟೂಲ್ ಆ ಮಂಜನ್ನೂ ಗ್ರೇಡಿಯಂಟ್ ಅಂದುಕೊಂಡು ಕಳೆದುಹಾಕಿತು. ಹಿನ್ನೆಲೆ ಅಚ್ಚ ಕಪ್ಪಾಯಿತು, ಚಿತ್ರ ನೋಡಿದವರೆಲ್ಲ ಮೆಚ್ಚಿದರು. ಒಂದು ವರ್ಷದ ನಂತರ ಹಳೆಯ ಸ್ಟ್ಯಾಕ್ ತೆರೆದು ನೋಡಿದಾಗ ಆ ಮಂಜು ಅಲ್ಲೇ ಇತ್ತು. ಎರಡು ಗ್ಯಾಲಕ್ಸಿಗಳ ನಡುವೆ ನಡೆದದ್ದಕ್ಕೆ ಸಾಕ್ಷಿ ಅದು. ಕೋಟಿಗಟ್ಟಲೆ ವರ್ಷ ಬಂದ ಬೆಳಕು ನನ್ನ ಕ್ಯಾಮೆರಾಗೆ ಸಿಕ್ಕಿತ್ತು, ನಾನು ಅದನ್ನು ಎಸೆದಿದ್ದೆ. ಆ ನೋವು ಇನ್ನೂ ಹೋಗಿಲ್ಲ.

ಆಮೇಲಿಂದ ಬಿಂದುಗಳನ್ನು ದೂರ ಇಡುತ್ತೇನೆ, ಆದಷ್ಟು ಕಡಿಮೆ ಇಡುತ್ತೇನೆ. ಟೂಲ್ ಕಳೆದದ್ದು ಏನು ಅನ್ನೋ ಚಿತ್ರವನ್ನೂ ಉಳಿಸಿ, ಅದನ್ನು ಸ್ಟ್ರೆಚ್ ಮಾಡಿ ನೋಡುತ್ತೇನೆ. ಅದರಲ್ಲಿ ಗ್ಯಾಲಕ್ಸಿಯ ಆಕಾರ ಕಂಡರೆ ವಾಪಸ್ ಹೋಗುತ್ತೇನೆ. ನೀವೂ ಹೀಗೆ ನೋಡಿ, ಎಐ ಗ್ರೇಡಿಯಂಟ್ ಟೂಲ್ ಬಳಸಿದ್ದರೆ ಇನ್ನೂ ಮುಖ್ಯ.

ಇನ್ನೊಂದು ಸಾಧ್ಯತೆಯೂ ಇದೆ. ಬೆಳಕು ನಿಜ, ಆದರೆ ಆ ಗ್ಯಾಲಕ್ಸಿಯದ್ದಲ್ಲ. ನಮ್ಮ ಕ್ಷೀರಪಥದ ಧೂಳೇ ತೆಳ್ಳಗಿನ ಮೋಡದ ಹಾಗೆ ಅಡ್ಡ ಹರಡಿರುತ್ತದೆ. ಎಂ81 ಪಕ್ಕದ ಬಳೆಯೊಂದನ್ನು 1965ರಲ್ಲಿ ಖಗೋಳವಿಜ್ಞಾನಿ ಹಾಲ್ಟನ್ ಆರ್ಪ್ ತೋರಿಸಿದ್ದರು. ಅದು ಆ ಗ್ಯಾಲಕ್ಸಿಯ ಭಾಗ ಅಂತ ಬಹಳ ವರ್ಷ ಓದಿಕೊಂಡು ಬಂದರು. ಅದರಲ್ಲಿ ಬಹುಪಾಲು ನಮ್ಮದೇ ಕ್ಷೀರಪಥದ ಧೂಳು ಅಂತ 2010ರಲ್ಲಿ ಬಂದ ಅಧ್ಯಯನಗಳು ತೋರಿಸಿದವು. ಸಂಶಯ ಬಂದರೆ ಪ್ಲಾಂಕ್ ಉಪಗ್ರಹದ ಧೂಳಿನ ನಕ್ಷೆಯ ಜೊತೆ ಹೋಲಿಸಿ ನೋಡಿ.

ಈಗ ನಿಮ್ಮ ಗೆಳೆಯರ ಮಾತಿಗೆ ಬರುತ್ತೇನೆ. ಸ್ಟ್ರೆಚ್ ಮಾಡಿದ್ದಕ್ಕೆ ಪೇಂಟಿಂಗ್ ಅಂದಿದ್ದರೆ ಅವರು ತಪ್ಪು. ಸೆನ್ಸರ್‌ನಿಂದ ಬಂದ ಚಿತ್ರ ಹಾಗೇ ತೆರೆದರೆ ಕಪ್ಪು ಬಿಟ್ಟು ಬೇರೇನೂ ಕಾಣುವುದಿಲ್ಲ. ಮಸುಕನ್ನು ಎತ್ತಿ ತೋರಿಸುವುದು ಮೋಸ ಅಲ್ಲ. ಡಿಜಿಟಲ್ ಬರುವ ಮುಂಚೆಯೇ ಖಗೋಳ ಛಾಯಾಗ್ರಾಹಕ ಡೇವಿಡ್ ಮಾಲಿನ್ ಡಾರ್ಕ್‌ರೂಮ್‌ನಲ್ಲಿ ಗಾಜಿನ ಪ್ಲೇಟುಗಳಿಂದ ಇದೇ ಕೆಲಸ ಮಾಡಿ ಗ್ಯಾಲಕ್ಸಿಗಳ ಸುತ್ತ ಚಿಪ್ಪಿನಂಥ ಪದರಗಳನ್ನು ಕಂಡುಹಿಡಿದರು. 1986ರಲ್ಲಿ ಸಿಕ್ಕ ಮಾಲಿನ್ 1 ಅನ್ನೋ ಮಸುಕು ದೈತ್ಯ ಗ್ಯಾಲಕ್ಸಿಗೆ ಅವರದೇ ಹೆಸರು.

ಆದರೆ ನಿಮ್ಮ ಗೆಳೆಯರು ಮಾತಾಡಿದ್ದು ಎಐ ಶಾರ್ಪನಿಂಗ್ ಬಗ್ಗೆಯಾದರೆ, ಕಿವಿಗೊಟ್ಟು ಕೇಳಿ. ರಿಚರ್ಡ್‌ಸನ್-ಲ್ಯೂಸಿ ಅನ್ನೋ ಹಳೆಯ ಡಿಕಾನ್ವಲ್ಯೂಷನ್ ವಿಧಾನ 1970ರ ದಶಕದ್ದು. ನಿಮ್ಮ ಚಿತ್ರದ ನಕ್ಷತ್ರ ಎಷ್ಟು ಹರಡಿದೆ ಅಂತ ಅಳೆದು, ಆ ಹರಡಿದ್ದನ್ನು ವಾಪಸ್ ಒಟ್ಟು ಮಾಡುತ್ತದೆ. ಅತಿ ಮಾಡಿದರೆ ನಕ್ಷತ್ರದ ಸುತ್ತ ಕಪ್ಪು ಉಂಗುರ ಬರುತ್ತದೆ. ನೋಡಿದ ತಕ್ಷಣ ತಪ್ಪು ಗೊತ್ತಾಗುತ್ತದೆ. ಎಐ ಟೂಲ್ ಬೇರೆ ಸಾವಿರಾರು ಚಿತ್ರಗಳಿಂದ ಕಲಿತದ್ದು. ಅದು ಅತಿ ಮಾಡಿದರೂ ಚಿತ್ರ ಚೆಂದವೇ ಕಾಣುತ್ತದೆ. ನನಗೆ ಭಯ ಇರುವುದು ಇಲ್ಲೇ. ನಾಯ್ಸ್ ಜಾಸ್ತಿ ಇರುವ ಕಡೆ ಅದು ಗಂಟುಗಳನ್ನು, ಎಳೆಗಳನ್ನು ಮಾಡಿಬಿಡುತ್ತದೆ. ನೋಡುವವರಿಗೆ ಅವು ಧೂಳಿನ ಪಟ್ಟಿ, ನಕ್ಷತ್ರ ಹುಟ್ಟುವ ಜಾಗ ಅನ್ನಿಸುತ್ತವೆ.

ನಾನು ಎಐ ಟೂಲ್‌ಗಳನ್ನು ಪೂರ್ತಿ ಬಿಟ್ಟಿಲ್ಲ. ಪ್ರಕಾಶ ಇರುವ, ಡೇಟಾ ಗಟ್ಟಿಯಾಗಿರುವ ಭಾಗಕ್ಕೆ ಮಾತ್ರ, ಕಡಿಮೆ ಪ್ರಮಾಣದಲ್ಲಿ ಹಾಕುತ್ತೇನೆ. ಮಸುಕು ಭಾಗಕ್ಕೆ ಮುಟ್ಟಿಸುವುದಿಲ್ಲ. ಹಾಕಿದ ಮೇಲೆ ಹಬಲ್‌ನದ್ದೋ ದೊಡ್ಡ ವೀಕ್ಷಣಾಲಯದ್ದೋ ಚಿತ್ರದ ಜೊತೆ ಒಂದರ ಮೇಲೊಂದು ಇಟ್ಟು ನೋಡುತ್ತೇನೆ. ನನ್ನದರಲ್ಲಿ ಇದ್ದು ಅಲ್ಲಿ ಇಲ್ಲದ ಗಂಟು ಸಿಕ್ಕಿತೋ, ಆ ಹಂತವನ್ನೇ ತೆಗೆಯುತ್ತೇನೆ. ಹೋಲಿಕೆಗೆ ಮಾತ್ರ ಆ ಚಿತ್ರ. ಅದರಿಂದ ಒಂದು ಪಿಕ್ಸೆಲ್ ಕೂಡ ನನ್ನ ಚಿತ್ರಕ್ಕೆ ಸೇರಬಾರದು.

ಬಣ್ಣದ ಬಗ್ಗೆ ನೀವು ಕೇಳಿಲ್ಲ, ಒಂದೇ ಮಾತು ಹೇಳುತ್ತೇನೆ. ಗಯಾ ಉಪಗ್ರಹ ಅಳೆದ ನಕ್ಷತ್ರಗಳ ಬಣ್ಣಕ್ಕೆ ಹೊಂದಿಸಿ, ಆಮೇಲೆ ಸ್ಯಾಚುರೇಶನ್ ಬೇಕಾದರೆ ಏರಿಸಿ. ಎಚ್-ಆಲ್ಫಾ (ಹೈಡ್ರೋಜನ್‌ನ ಕೆಂಪು ಬೆಳಕು) ಫಿಲ್ಟರ್ ಡೇಟಾ ಸೇರಿಸಿದ್ದರೆ ಅದನ್ನು ಬರೆಯಿರಿ.

ಹವ್ಯಾಸಿಗಳಿಂದ ಏನಾಗುತ್ತದೆ ಅಂತ ಕೈಬಿಡಬೇಡಿ. ಆಂಡ್ರೊಮಿಡಾ ಗ್ಯಾಲಕ್ಸಿಯಷ್ಟು ಜಾಸ್ತಿ ಫೋಟೋ ತೆಗೆಸಿಕೊಂಡ ಗ್ಯಾಲಕ್ಸಿ ಇನ್ನೊಂದಿಲ್ಲ. ಅದರ ಪಕ್ಕದಲ್ಲೇ ಆಮ್ಲಜನಕದ ಬೆಳಕಿನ ದೊಡ್ಡ ಕಮಾನು ಇರುವುದನ್ನು 2022ರಲ್ಲಿ ಕಂಡವರು ಯಾನ್ ಸಾಂಟಿ, ಮಾರ್ಸೆಲ್ ಡ್ರೆಕ್ಸ್ಲರ್, ಕ್ಸೇವಿಯರ್ ಸ್ಟ್ರಾಟ್ನರ್ ಅನ್ನೋ ಹವ್ಯಾಸಿಗಳು. ಬೇರೆ ಕಡೆಯ ಬೇರೆ ಟೆಲಿಸ್ಕೋಪುಗಳಲ್ಲೂ ಅದು ಸಿಕ್ಕಿದ ಮೇಲೆಯೇ 2023ರಲ್ಲಿ ಪ್ರಕಟಿಸಿದರು.

ನಿಮ್ಮ 6 ಗಂಟೆ ಡೇಟಾ ಈ ಗೆರೆಗೆ ಸ್ವಲ್ಪ ಕಡಿಮೆಯೇ. ನಾಯ್ಸ್‌ಗೆ ಹೋಲಿಸಿದರೆ ಸಿಗ್ನಲ್ ಎರಡು ಪಟ್ಟು ಆಗಬೇಕಾದರೆ ನಾಲ್ಕು ಪಟ್ಟು ಸಮಯ ಬೇಕು, ಅಂದರೆ 24 ಗಂಟೆ. ಅಷ್ಟರೊಳಗೆ ಈಗ ಇರುವುದನ್ನೇ ಫ್ಲಿಪ್‌ನ ಎರಡು ಪಾಲು ಮಾಡಿ, ಶಾರ್ಪನಿಂಗ್ ಇಲ್ಲದ ಆ ಎರಡು ಸ್ಟ್ಯಾಕ್‌ಗಳನ್ನು ಪ್ರಶ್ನೆಗೆ ಸೇರಿಸಿ. ಹಿನ್ನೆಲೆ ತೆಗೆಯುವ ಟೂಲ್ ಕಳೆದ ಚಿತ್ರವನ್ನೂ ಹಾಕಿ. ಮೂರನ್ನೂ ನಾನು ಕೂತು ನೋಡುತ್ತೇನೆ.